ನಾಲ್ಕು, ಐದನೇ ತರಗತಿಯ ಒಂದು ವಾರ: ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದವರಿಗೆ

ಆಗಸ್ಟ್ ಬಂತೆಂದರೆ ನಮ್ಮ ಕನ್ನಡ ಕೂಟದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವೇ ಪ್ರಶ್ನೆಗಳು. ಪಠ್ಯಪುಸ್ತಕ ಏಕೆ ಕೊಟ್ಟಿಲ್ಲ? ಯೂನಿಟ್ ಟೆಸ್ಟ್ ಯಾವಾಗ? ರ‍್ಯಾಂಕ್ ಎಷ್ಟು? ನಾವೂ ಹೀಗೆಯೇ ಕಣ್ಣುಕಣ್ಣು ಬಿಟ್ಟವರು. ಇಲ್ಲಿ ಬರೆದಿರುವುದು ಸರ್ಕಾರಿ ಶಾಲೆಗಳ ಮಾತು. ಯಾವ ದಿನ ಏನು ಎಂಬುದು ಶಾಲೆಯಿಂದ ಶಾಲೆಗೆ ಬದಲಾಗುತ್ತದೆ. ಲಸಿಕೆಯ ದಾಖಲೆ, ವಿಳಾಸದ ಪುರಾವೆ ಇತ್ಯಾದಿ ನಿಮಗೆ ಗೊತ್ತೇ ಇರುತ್ತದೆ, ಬಿಡಿ.

ಸೇರಿಸುವಾಗಲೇ ಒಂದು ಮಾತು

ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಹೆಚ್ಚು ಆಡುವುದು ಯಾವುದು ಎಂದೆಲ್ಲ ನಾಲ್ಕು ಪ್ರಶ್ನೆಗಳ ಹಾಳೆ ಕೊಡುತ್ತಾರೆ. ಕನ್ನಡ ಎಂದು ಬರೆಯಿರಿ. ಹಾಗೆ ಬರೆದರೆ ಮಗುವನ್ನು ದಡ್ಡರ ಸಾಲಿಗೆ ಸೇರಿಸುತ್ತಾರೆ ಎಂದು ಯಾರು ಪುಕಾರು ಎಬ್ಬಿಸಿದರೋ ತಿಳಿಯದು. ರಾಜ್ಯೋತ್ಸವಕ್ಕೆ ಹಳದಿ ಕೆಂಪು ಶಾಲು ಹೊದ್ದು ಬರುವವರೂ ಆ ಹಾಳೆಯಲ್ಲಿ ‘ಇಂಗ್ಲಿಷ್’ ಎಂದು ಗೀಚಿರುತ್ತಾರೆ. ಕನ್ನಡ ಎಂದು ಬರೆದರೆ ಆಗುವುದು ಇಷ್ಟೇ: ಶಾಲೆ ಸೇರಿದ 30 ದಿನಗಳೊಳಗೆ ಎಲ್‌ಪ್ಯಾಕ್ ಎಂಬ ಇಂಗ್ಲಿಷ್ ಪರೀಕ್ಷೆ. ಚೆನ್ನಾಗಿ ಮಾಡಿದರೆ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಇಂಗ್ಲಿಷಿನಲ್ಲಿ ಹೆಚ್ಚುವರಿ ಪಾಠ, ಅದೂ ಉಚಿತ. ಊರಿನಲ್ಲಿ ಇದಕ್ಕೆ ದುಡ್ಡು ಕೊಟ್ಟು ಟ್ಯೂಷನ್‌ಗೆ ಕಳಿಸುತ್ತಿದ್ದೆವು.

ಸೋಮವಾರ

ಬಹುಮಟ್ಟಿಗೆ ಎಲ್ಲ ವಿಷಯಕ್ಕೂ ಒಬ್ಬರೇ ಶಿಕ್ಷಕರು. ವಾರದ ಪದಗಳ ಪಟ್ಟಿ ಮನೆಗೆ ಬರುತ್ತದೆ. ದಿನಕ್ಕೆ ಇಪ್ಪತ್ತು ನಿಮಿಷ ಓದಿಸಿ ಸಹಿ ಹಾಕಿ ಎನ್ನುತ್ತಾರೆ. ಕಥೆಪುಸ್ತಕ ಓದಿದರೆ ಸಾಕು, ಪಾಠ ಉರುಹೊಡೆಸಬೇಡಿ. ಓದದೆಯೇ ಸಹಿ ಹಾಕುವ ಅಪ್ಪಂದಿರೇ, ಶಿಕ್ಷಕರು ಮಗುವಿನ ಜೊತೆ ಎರಡು ಮಾತಾಡಿದರೆ ಸಾಕು, ತಿಳಿದುಬಿಡುತ್ತದೆ.

ಮಂಗಳವಾರ: ಗಣಿತ, ಅಂದರೆ ಮನೆಯಲ್ಲಿ ಜಗಳ

ನಮ್ಮವರ ಗಣಿತದ ಬಗ್ಗೆ ನಮಗೆ ಹೆಮ್ಮೆ, ಇರಲಿ. ಆದರೆ ನಾಲ್ಕನೇ ತರಗತಿಯ ಮಗು 36 × 24 ಮಾಡುವುದನ್ನು ನೋಡಿ. ಒಂದು ಚೌಕ ಬರೆದು ನಾಲ್ಕು ಮನೆ ಮಾಡುತ್ತದೆ. ಮೇಲೆ 30 ಮತ್ತು 6, ಪಕ್ಕದಲ್ಲಿ 20 ಮತ್ತು 4. ಮನೆಗಳಲ್ಲಿ 600, 120, 120, 24. ಕೂಡಿದರೆ 864. ಪಕ್ಕದಲ್ಲಿ ಕುಳಿತ ಅಪ್ಪನಿಗೆ ಅಷ್ಟು ಹೊತ್ತು ತಡೆಯುವುದಿಲ್ಲ. ಪೆನ್ಸಿಲ್ ಕಿತ್ತುಕೊಂಡು ಎರಡೇ ಸಾಲಿನಲ್ಲಿ ಮುಗಿಸಿ ‘ಇದಕ್ಕೆ ಇಷ್ಟು ರಾಮಾಯಣವೇ’ ಎನ್ನುತ್ತಾನೆ. ಮರುದಿನ ಉತ್ತರ ಸರಿ ಇದ್ದರೂ ಮಗುವಿಗೆ ಪೂರ್ತಿ ಅಂಕವಿಲ್ಲ, ಏಕೆಂದರೆ ಹೇಗೆ ಬಂತು ಎಂದು ವಿವರಿಸಬೇಕಿತ್ತು. ನಾವು ದಶಕ ಹಿಡಿದು ಮಾಡುವ ಗುಣಾಕಾರ ಅವರಿಗೆ ಐದನೇ ತರಗತಿಯಲ್ಲಿ ಬರುತ್ತದೆ, ನಮ್ಮ ಭಾಗಾಕಾರದ ಕ್ರಮ ಆರರಲ್ಲಿ. ಅಲ್ಲಿಯವರೆಗೆ ಕೈ ಕಟ್ಟಿ ಕುಳಿತು, ‘ಈ 120 ಎಲ್ಲಿಂದ ಬಂತು ಕಂದ?’ ಎಂದು ಕೇಳಿ.

ಇನ್ನೆರಡು ತೊಡಕು. ನಮ್ಮ ಮಕ್ಕಳು ಲಕ್ಷವನ್ನು 1,00,000 ಎಂದು ಬರೆಯುತ್ತಾರೆ. ಇಲ್ಲಿ ಅದು 100,000. ದಿನಾಂಕದಲ್ಲಿ ತಿಂಗಳು ಮೊದಲು. ಎರಡನ್ನೂ ಬರುವ ಮೊದಲೇ ಅಭ್ಯಾಸ ಮಾಡಿಸಿ. ಅಡಿ, ಇಂಚು, ಪೌಂಡು ತಾವಾಗಿ ಬರುತ್ತವೆ.

ಒಂದು ಸಮಾಧಾನ: 2024ರಿಂದ ಇಲ್ಲಿಯೂ ಒಂದರಿಂದ ಆರನೇ ತರಗತಿಯೊಳಗೆ ಕೂಡಕ್ಷರ (ಕರ್ಸಿವ್) ಬರವಣಿಗೆ ಕಲಿಸುವುದು ಕಡ್ಡಾಯ. ನಾಲ್ಕುಗೆರೆ ಪುಸ್ತಕ ತುಂಬಿಸಿ ಬಂದ ಮಕ್ಕಳು ಅಲ್ಲಿ ಮಿಂಚುತ್ತಾರೆ.

ಬುಧವಾರ

ಬಹಳ ಶಾಲೆಗಳಲ್ಲಿ ವಾರಕ್ಕೊಂದು ದಿನ ಬೇಗ ಬಿಡುತ್ತಾರೆ. ಯಾರು ಕರೆತರುವುದೆಂದು ಹಿಂದಿನ ರಾತ್ರಿಯೇ ತೀರ್ಮಾನವಾಗಲಿ.

ಗುರುವಾರ

ನಾಲ್ಕರಲ್ಲಿ ಕ್ಯಾಲಿಫೋರ್ನಿಯಾದ ಚರಿತ್ರೆ: ಮೂಲನಿವಾಸಿಗಳು, ಸ್ಪೇನಿನವರ 21 ಮಿಷನ್‌ಗಳು (ಕ್ರೈಸ್ತ ಧರ್ಮಪ್ರಚಾರದ ಕೇಂದ್ರಗಳು), 1848ರ ಚಿನ್ನದ ಬೇಟೆ. ಐದರಲ್ಲಿ ಅಮೆರಿಕದ ಸ್ವಾತಂತ್ರ್ಯ ಹೋರಾಟ, ಸಂವಿಧಾನ. ವಿಜ್ಞಾನದಲ್ಲಿ ಭೂಕಂಪ ತಡೆಯುವ ಕಟ್ಟಡ ಕಟ್ಟಿ ಎಂಬಂಥ ಕೆಲಸ. ಐಸ್‌ಕ್ರೀಂ ಕಡ್ಡಿಯ ಆ ಕಟ್ಟಡ ವಾಲಿಕೊಂಡಿರಲಿ, ಬೀಳಲಿ. ಏಕೆ ಬಿತ್ತು ಎಂದು ಮಗು ಗೆಳೆಯರ ಮುಂದೆ ನಿಂತು ಹೇಳಬೇಕು. ಇಂಜಿನಿಯರ್ ಅಪ್ಪ, ಆರ್ಕಿಟೆಕ್ಟ್ ಅಮ್ಮ ರಾತ್ರಿ ಹನ್ನೆರಡರವರೆಗೆ ಕುಳಿತು ಕಟ್ಟಿದ್ದು ನೋಡಿದ ಕೂಡಲೇ ಗೊತ್ತಾಗುತ್ತದೆ, ದಯವಿಟ್ಟು ಬೇಡ.

ಶುಕ್ರವಾರ

- ಸ್ಪೆಲ್ಲಿಂಗ್ ಪರೀಕ್ಷೆ.
- ವಾರದ ಕೆಲಸದ ಫೋಲ್ಡರ್. ನೋಡಿ, ಸಹಿ ಹಾಕಿ, ಸೋಮವಾರ ವಾಪಸ್.
- ಲೈಬ್ರರಿ ಪುಸ್ತಕ.
- ಆಟವಿರುವ ದಿನ ಶೂ ಹಾಕಿಸಿ, ಚಪ್ಪಲಿ ಬೇಡ.
- ಹುಟ್ಟುಹಬ್ಬಕ್ಕೆ ತಿಂಡಿ ಹಂಚಬೇಕೆಂದಿದ್ದರೆ ಮೊದಲು ಕೇಳಿ. ಕಡಲೆಕಾಯಿ ಉಂಡೆ ಬೇಡವೇ ಬೇಡ, ಅಲರ್ಜಿ ಇರುವ ಮಕ್ಕಳಿರುತ್ತಾರೆ.

ಊಟ: 2022-23ರಿಂದ ಎಲ್ಲ ಮಕ್ಕಳಿಗೂ ಬೆಳಗಿನ ಉಪಾಹಾರ, ಮಧ್ಯಾಹ್ನದ ಊಟ ಉಚಿತ. ಮೊಸರನ್ನ ಕಳಿಸುವವರು ಧೈರ್ಯವಾಗಿ ಕಳಿಸಿ.

ರಿಪೋರ್ಟ್ ಕಾರ್ಡ್

ಹಲವು ಶಾಲೆಗಳಲ್ಲಿ ಒಂದರಿಂದ ನಾಲ್ಕರವರೆಗಿನ ಅಂಕಿಗಳು. 3 ಬಂದರೆ ಆ ತರಗತಿಗೆ ಬರಬೇಕಾದದ್ದು ಬಂದಿದೆ ಎಂದರ್ಥ. ಅದನ್ನು ನೂರಕ್ಕೆ 75 ಎಂದು ಲೆಕ್ಕ ಹಾಕಿ ಮಗುವನ್ನು ಅಳಿಸಬೇಡಿ. ರ‍್ಯಾಂಕ್ ಇಲ್ಲ, ಪಕ್ಕದ ಮನೆಯವರ ಮಗುವಿಗೆ ಎಷ್ಟು ಬಂತೆಂದು ಶಿಕ್ಷಕರನ್ನು ಕೇಳಲೂಬಾರದು.

ಡಿಸೆಂಬರಿನ ಊರ ಪ್ರಯಾಣ

ಮದುವೆ, ಗೃಹಪ್ರವೇಶ, ಅಜ್ಜಿಯ ಎಂಬತ್ತು ಎಂದು ರಜೆಯ ಹಿಂದೆ ಮುಂದೆ ಎರಡೆರಡು ವಾರ ಸೇರಿಸುವ ಚಟ ನಮಗಿದೆ. ಇಲ್ಲಿ ಹಾಜರಿಯ ಮೇಲೆಯೇ ಶಾಲೆಗೆ ರಾಜ್ಯದ ಹಣ ಬರುತ್ತದೆ. ಒಪ್ಪುವ ಕಾರಣವಿಲ್ಲದೆ ಮೂರು ದಿನ ತಪ್ಪಿದರೂ ಮನೆಗೆ ಪತ್ರ ಬರಬಹುದು. ಊರಿನಲ್ಲಿ ಹೆಡ್‌ಮಾಸ್ಟರಿಗೆ ಒಂದು ಚೀಟಿ ಕೊಟ್ಟರೆ ಆಗುತ್ತಿತ್ತು, ಇಲ್ಲಿ ಆಗದು. ‘ಇಂಡಿಪೆಂಡೆಂಟ್ ಸ್ಟಡಿ’ ಎಂಬ ಒಪ್ಪಂದವಿದೆ: ಶಿಕ್ಷಕರು ಕೊಟ್ಟ ಪಾಠವನ್ನು ಊರಿನಲ್ಲಿ ಮಾಡಿ ತಂದೊಪ್ಪಿಸಬೇಕು. ಇದಕ್ಕೆ ಹೊರಡುವ ಮೊದಲೇ ಸಹಿ ಮಾಡಿಸಿಕೊಳ್ಳುವುದು ಒಳ್ಳೆಯದು, ಎಲ್ಲ ಶಾಲೆಯಲ್ಲೂ ಕೊಡುತ್ತಾರೆಂಬ ಖಾತರಿಯೂ ಇಲ್ಲ. ಟಿಕೆಟ್ ಕೊಳ್ಳುವ ಮುನ್ನವೇ ಶಾಲೆಯ ಕಚೇರಿಯಲ್ಲಿ ವಿಚಾರಿಸಿ.