ಮುಜುಗರವನ್ನು ಪುಟಕ್ಕಿಳಿಸುವುದು: 24 ಪುಟದ ಮಾಂಗಾ ಬಿಡಿಸುವ ಬಗೆ

ಜನರೊಡನೆ ಬೆರೆಯಲಾರದ, ತಪ್ಪು ಮಾಡಿ ಒಳಗೊಳಗೇ ಬೇಯುವ ಹುಡುಗ ಹುಡುಗಿಯರ ಮಾಂಗಾ (ಜಪಾನಿ ಶೈಲಿಯ ಚಿತ್ರಕಥೆ) ಬಿಡಿಸಲು ಕೂತವರು ಹೆಚ್ಚಾಗಿ ಎಡವುವುದು ಒಂದೇ ಕಡೆ. ಕನಿಕರ ಹುಟ್ಟಿಸುವ ಆತುರಕ್ಕೆ ಪಾತ್ರದ ತಪ್ಪನ್ನೆಲ್ಲ ಬೇರೆಯವರ ತಲೆಗೆ ಕಟ್ಟುತ್ತಾರೆ. ಅಪ್ಪ ಬೈದ, ಗೆಳೆಯರು ದೂರವಿಟ್ಟರು, ಅದಕ್ಕೇ ಹೀಗಾದ. ಓದುಗರು ಅಯ್ಯೋ ಪಾಪ ಅಂದು ಪುಟ ಮಗುಚುತ್ತಾರೆ, ಅಷ್ಟೇ. ಪಾತ್ರ ಕೈಯಾರೆ ಒಂದು ಸಣ್ಣತನ ಮಾಡಬೇಕು. ‘ಎ ಸೈಲೆಂಟ್ ವಾಯ್ಸ್’ (2013–14) ಮಾಂಗಾದ ನಾಯಕ ಶಾಲೆಯಲ್ಲಿ ಕಿವಿ ಕೇಳದ ಹುಡುಗಿಯನ್ನು ಕಾಡಿದವನು. ಕಥೆ ಅದಕ್ಕೆ ನೆಪ ಹುಡುಕುವುದಿಲ್ಲ.

ಪೆನ್ಸಿಲ್ ಹಿಡಿಯುವ ಮೊದಲು ಮೂರು ಸಾಲು ಬರೆದುಕೊಳ್ಳಿ: ಪಾತ್ರಕ್ಕೆ ಏನು ಬೇಕು, ಅದನ್ನು ಬಾಯಿಬಿಟ್ಟು ಕೇಳಲಾಗದೆ ಬದಲಿಗೆ ಏನು ಮಾಡುತ್ತದೆ, ಅದರಿಂದ ನೋವು ಯಾರಿಗೆ. ಮೂರನೆಯದಕ್ಕೆ ‘ತನಗೇ’ ಅಂತ ಮಾತ್ರ ಉತ್ತರ ಬಂದರೆ ಕಥೆ ಇನ್ನೂ ಹದಕ್ಕೆ ಬಂದಿಲ್ಲ.

ಮುಂದಿನದು ನೇಮು. ಚೌಕಟ್ಟು, ಮಾತು, ಪಾತ್ರ ನಿಂತ ಜಾಗ ಇಷ್ಟನ್ನೇ ಗೀಚಿಕೊಳ್ಳುವ ಕಚ್ಚಾ ಕರಡಿಗೆ ಜಪಾನಿನವರು ಇಟ್ಟ ಹೆಸರಿದು. ಎರಡೆರಡು ಪುಟ ಜೋಡಿಸಿ, ಅಂಗೈಯಗಲ ಗೀಚಿದರೆ ಸಾಕು, ಕಡ್ಡಿಗೊಂಬೆಗಳಿದ್ದರೂ ನಡೆಯುತ್ತದೆ. ಕನ್ನಡದಲ್ಲಿ ಬರೆಯುವುದಾದರೆ ಎಡದಿಂದ ಬಲಕ್ಕೇ ಸಾಗಲಿ. ಜಪಾನಿನ ಮಾಂಗಾದಂತೆ ಚೌಕಟ್ಟು ಬಲದಿಂದ, ಅಕ್ಷರ ಮಾತ್ರ ಎಡದಿಂದ ಎಂದಾದರೆ ಕಣ್ಣು ತಡವರಿಸುತ್ತದೆ. ಹೀಗೆ ಸಾಗಿದಾಗ ಬೆಸ ಸಂಖ್ಯೆಯ ಪುಟ ಬಲಕ್ಕೆ ಬರುತ್ತದೆ. ಅದರ ಕೊನೆಯ ಚೌಕದಲ್ಲಿ ಉಸಿರು ಬಿಗಿಹಿಡಿಸಿ, ಎದೆಗೆ ನಾಟಬೇಕಾದ್ದನ್ನು ಮಗುಚಿದ ಮೇಲಿನ ಸಮ ಪುಟದಲ್ಲಿಡಿ.

ಒಂದು ಪುಟವನ್ನೇ ನೋಡೋಣ. ಹುಡುಗ ಸಹಪಾಠಿಯ ಹತ್ತಿರ ಕ್ಷಮೆ ಕೇಳಲು ಬಂದಿದ್ದಾನೆ. ಮೊದಲ ಚೌಕ: ಅವಳ ಬೆನ್ನು, ಅವಳು ಬ್ಯಾಗಿನ ಜಿಪ್ ಎಳೆಯುತ್ತಿದ್ದಾಳೆ. ಎರಡು: ಅವನ ಹೆಬ್ಬೆರಳು ತೋರುಬೆರಳಿನ ಉಗುರನ್ನು ಕೆರೆಯುತ್ತಿದೆ. ಮೂರು: ಅವಳು ತಿರುಗಿದ್ದಾಳೆ, ಮಾತಿಲ್ಲ. ನಾಲ್ಕು: ಅದೇ ಚಿತ್ರ, ಅದೇ ಕೋನ, ಅವಳ ಹುಬ್ಬು ಮಾತ್ರ ಕೂದಲೆಳೆಯಷ್ಟು ಮೇಲೆ. ಐದು: “ಬ್ಯಾಗ್... ಚೆನ್ನಾಗಿದೆ.” ಆರು: ಖಾಲಿ ಬೆಂಚು. ಇಲ್ಲಿ ಜೀವ ಇರುವುದು ನಾಲ್ಕನೆಯದರಲ್ಲಿ. ಒಂದೇ ಚಿತ್ರ ಮತ್ತೆ ಬಂದಾಗ ಓದುಗರು ಆ ಮೌನದ ಉದ್ದವನ್ನು ತಾವೇ ಅಳೆಯುತ್ತಾರೆ. ಜಾಗ ಸಾಲದು ಅಂತ ಮೊದಲು ಕತ್ತರಿಸುವುದೂ ಅದನ್ನೇ, ಕತ್ತರಿಸಬೇಡಿ. ಐದನೆಯದರಲ್ಲಿ ‘ಛೇ, ನಾನೆಂಥ ಹೇಡಿ’ ಎಂಬ ಒಳಮಾತು ಸೇರಿಸಿದಿರೋ, ಪುಟ ಸತ್ತಂತೆಯೇ.

ನೋಟವನ್ನು ಚಿತ್ರವಾಗಿಸುವುದಕ್ಕೆ ಮುಖಭಾವವೊಂದೇ ದಾರಿಯಲ್ಲ. ಮೇಲೆ ಹೇಳಿದ ಮಾಂಗಾದಲ್ಲೇ ನಾಯಕ ಕಣ್ಣೆತ್ತಿ ನೋಡಲಾರದ ಜನರ ಮುಖದ ಮೇಲೆ ದೊಡ್ಡ ‘X’ ಗುರುತು ಬೀಳುತ್ತದೆ. 2007ರಲ್ಲಿ ಶುರುವಾದ ‘ಗುಡ್‌ನೈಟ್ ಪುನ್‌ಪುನ್’ನಲ್ಲಿ ಫೋಟೊದಷ್ಟು ನಿಖರವಾದ ಊರಿನ ನಡುವೆ ನಾಯಕ ಹುಡುಗನೂ ಅವನ ಮನೆಯವರೂ ಮಾತ್ರ ಮಕ್ಕಳು ಗೀಚಿದ ಹಕ್ಕಿಗಳಂತೆ ಓಡಾಡುತ್ತಾರೆ. ಈ ಉಪಾಯಗಳನ್ನೇ ಎತ್ತಿಕೊಳ್ಳಬೇಡಿ, ನಿಮ್ಮದೇ ಒಂದು ನಿಯಮ ಕಟ್ಟಿ, ಅದನ್ನು ಕೊನೆಯವರೆಗೂ ಪಾಲಿಸಿ. ನಡುವೆ ಮುರಿದರೆ ಅದು ಕಥೆಯ ತಿರುವೇ ಆಗಿರಬೇಕು.

ಕಾಗದ, ಮಸಿ: ಎ4 ಹಾಳೆಯಲ್ಲಿ ಒಳಚೌಕಟ್ಟು 150×220 ಮಿ.ಮೀ., ಕತ್ತರಿಸಿದ ಮೇಲೆ ಉಳಿಯುವ ಅಳತೆ 182×257 ಮಿ.ಮೀ. ಅಂಚಿಗೆ ತಾಗುವ ಚಿತ್ರವನ್ನು ಕತ್ತರಿಸುವ ಗೆರೆಯಿಂದ ಇನ್ನೂ 3 ಮಿ.ಮೀ. ಆಚೆಗೆ ಎಳೆಯಿರಿ, ಇಲ್ಲದಿದ್ದರೆ ಬಿಳಿ ಪಟ್ಟಿ ಇಣುಕುತ್ತದೆ. ಒಂದೇ ಸಾಲಿನ ಚೌಕಗಳ ನಡುವೆ 3 ಮಿ.ಮೀ., ಸಾಲು ಸಾಲಿನ ನಡುವೆ 6–7 ಮಿ.ಮೀ. ಬಿಡಿ. ಎರಡೂ ಸಮವಾದರೆ ಮುಂದೆ ಪಕ್ಕಕ್ಕೋ ಕೆಳಕ್ಕೋ ಎಂಬ ಗೊಂದಲ. ಆಕೃತಿಗೆ ಜಿ-ಪೆನ್ (ಒತ್ತಿದಂತೆ ಗೆರೆ ದಪ್ಪವಾಗುವ, ಮಸಿಯಲ್ಲದ್ದುವ ನಿಬ್ಬು), ಕಣ್ಣು ಕೂದಲಿಗೆ ಮಾರು-ಪೆನ್ (ಸಣ್ಣ ಗೆರೆಯ ನಿಬ್ಬು). ಗೆರೆ ಕೊಂಚ ನಡುಗಿದರೂ ಇಂಥ ಕಥೆಗೆ ಒಪ್ಪುತ್ತದೆ.

ಕಂಪ್ಯೂಟರಿನಲ್ಲಾದರೆ 600 ಡಿಪಿಐ (ಇಂಚಿಗೆ 600 ಚುಕ್ಕಿ), ಶುದ್ಧ ಕಪ್ಪು-ಬಿಳುಪು. ಚುಕ್ಕಿಯ ಟೋನ್ (ಬೂದು ಛಾಯೆ ತೋರಿಸುವ ಚುಕ್ಕಿಗಳ ಸಾಲು) ಹಚ್ಚಿದ ಮೇಲೆ ಪುಟದ ಗಾತ್ರ ಬದಲಿಸಬಾರದು: ಚುಕ್ಕಿಗಳ ಸಾಲಿಗೂ ಪರದೆಯ ಪಿಕ್ಸೆಲ್‌ಗಳಿಗೂ ಹೊಂದದೆ ಅಲೆಅಲೆಯಾದ ಪಟ್ಟೆ ಏಳುತ್ತದೆ. ಪರದೆಗೆ ಬೇಕಾದ ಪ್ರತಿಯಲ್ಲಿ ಟೋನ್ ಬದಲು ಬೂದು ಬಣ್ಣವನ್ನೇ ತುಂಬಿ.

ಮಾತಿನ ಗುಳ್ಳೆಯಲ್ಲಿ ಜಪಾನಿನ ನಕಲು ಬೇಡ. ಅಲ್ಲಿ ಅಕ್ಷರ ಮೇಲಿಂದ ಕೆಳಕ್ಕೆ ಇಳಿಯುವುದರಿಂದ ಗುಳ್ಳೆ ನೀಳ. ಕನ್ನಡದ ‘ಕೇಳಬೇಕಾಗಿತ್ತು’ ಅದರೊಳಗೆ ಹಿಡಿಸದೆ ಮುರಿಯುತ್ತದೆ. ಅಗಲ ಗುಳ್ಳೆ ಬರೆಯಿರಿ, ಒತ್ತಕ್ಷರ ಕೆಳಸಾಲಿಗೆ ತಾಗದಂತೆ ಸಾಲಿನ ಅಂತರ ಹೆಚ್ಚಿಸಿ, ಗುಳ್ಳೆಗೆ ಹತ್ತು ಹನ್ನೆರಡು ಪದ ಮೀರದಿರಲಿ. ಅಕ್ಷರದ ಜಾಗವನ್ನು ನೇಮುವಿನಲ್ಲೇ ಗುರುತಿಸದಿದ್ದರೆ ಆಮೇಲೆ ಗುಳ್ಳೆ ಹೋಗಿ ಕೂರುವುದು ಉಗುರು ಕೆರೆಯುವ ಆ ಕೈಬೆರಳುಗಳ ಮೇಲೆಯೇ.

ಮಸಿ ಹಚ್ಚುವ ಮೊದಲು ಗುಳ್ಳೆಗಳನ್ನೆಲ್ಲ ಚೀಟಿ ಅಂಟಿಸಿ ಮುಚ್ಚಿ, ಕಥೆ ಗೊತ್ತಿಲ್ಲದವರ ಕೈಗೆ ನೇಮು ಕೊಡಿ. ಯಾರು ಯಾರನ್ನು ನೋಯಿಸಿದರು ಅಂತ ಕೇಳಿ. ಹೇಳಲಾಗದೆ ಅವರು ನಿಂತ ಪುಟ ಯಾವುದೋ ಅದಕ್ಕೆ ಮಾತು ಸೇರಿಸಲು ಹೋಗಬೇಡಿ, ಚೌಕಗಳನ್ನೇ ಮತ್ತೆ ಗೀಚಿ.