ಎಕನಾಮೆಟ್ರಿಕ್ಸ್ ನನಗೆ ಅರ್ಥವಾಗಿದ್ದು ಒಂದೇ ಒಂದು ಟೇಬಲ್‌ನಿಂದ

ಬಿ.ಎ. ಐದನೇ ಸೆಮಿಸ್ಟರ್‌ನಲ್ಲಿ ಎಕನಾಮೆಟ್ರಿಕ್ಸ್ ಇತ್ತು, ಅಂದರೆ ಡೇಟಾ ಇಟ್ಟುಕೊಂಡು ಅರ್ಥಶಾಸ್ತ್ರದ ಪ್ರಶ್ನೆಗಳಿಗೆ ಉತ್ತರ ಹುಡುಕುವ ವಿದ್ಯೆ. ಸೂತ್ರಗಳನ್ನು ಬೋರ್ಡ್ ಮೇಲೆ ಬಿಡಿಸಿದರು, ನಾವು ಬರೆದುಕೊಂಡೆವು, ಪರೀಕ್ಷೆಯಲ್ಲಿ ಹಾಗೇ ಇಳಿಸಿದೆವು, ಒಳ್ಳೆಯ ಅಂಕವೂ ಬಂತು. ಆದರೆ ಯಾರಾದರೂ ಒಂದು ಡೇಟಾ ಫೈಲ್ ಕೊಟ್ಟು "ಇದು ಏನು ಹೇಳುತ್ತೆ ನೋಡು" ಅಂದಿದ್ದರೆ ಎಲ್ಲಿಂದ ಶುರು ಮಾಡೋದು ಅಂತಲೇ ನನಗೆ ಗೊತ್ತಿರಲಿಲ್ಲ.

ಅದಕ್ಕೇ ರಜೆಯಲ್ಲಿ ಒಂದು ಹಟ ಹಿಡಿದೆ. ಇನ್ನೊಂದು ಪುಸ್ತಕ ಬೇಡ, ಹೆಸರಾದ ಒಂದು ಅಧ್ಯಯನದ ಒಂದು ಟೇಬಲ್ ಅನ್ನು ಅದೇ ಡೇಟಾ ಇಟ್ಟುಕೊಂಡು ನಾನೇ ಕಟ್ಟಬೇಕು. ಆರಿಸಿಕೊಂಡಿದ್ದು ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ 1994ರಲ್ಲಿ ಪ್ರಕಟಿಸಿದ ಕನಿಷ್ಠ ಕೂಲಿಯ ಅಧ್ಯಯನ. 1992ರ ಏಪ್ರಿಲ್ 1ರಂದು ಅಮೆರಿಕದ ನ್ಯೂಜೆರ್ಸಿಯಲ್ಲಿ ಗಂಟೆಯ ಕನಿಷ್ಠ ಕೂಲಿ 4.25 ಡಾಲರ್‌ನಿಂದ 5.05ಕ್ಕೆ ಏರಿತು. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಏರಲಿಲ್ಲ. ಎರಡೂ ಕಡೆ ಸೇರಿ 410 ಫಾಸ್ಟ್‌ಫುಡ್ ಅಂಗಡಿಗಳನ್ನು ಮುಂಚೆ ಒಂದು ಸಲ, ಆಮೇಲೆ ಒಂದು ಸಲ ವಿಚಾರಿಸಿದ್ದರು. ಡೇಟಾ ಬಿಟ್ಟಿ ಸಿಗುತ್ತದೆ, ಲೆಕ್ಕ ಮಾಡುವ ಆರ್ (R) ಸಾಫ್ಟ್‌ವೇರ್ ಕೂಡ ಬಿಟ್ಟಿ.

ಮೊದಲ ವಾರ ಬರೀ ಕೋಡ್‌ಬುಕ್, ಅಂದರೆ ಡೇಟಾದ ಯಾವ ಕಾಲಂ ಏನು ಅಂತ ಹೇಳುವ ಪಟ್ಟಿ, ಓದಿದೆ. ಪಾರ್ಟ್‌ಟೈಮ್ ಕೆಲಸಗಾರರು ಅರ್ಧ ಲೆಕ್ಕ, ಮ್ಯಾನೇಜರ್‌ಗಳು ಪೂರ್ತಿ ಲೆಕ್ಕ. ಬಾಗಿಲು ಹಾಕಿಕೊಂಡೇ ಹೋದ 6 ಅಂಗಡಿಗಳಿಗೆ ಸೊನ್ನೆ, ಸದ್ಯಕ್ಕೆ ಮುಚ್ಚಿದ್ದ 4 ಅಂಗಡಿಗಳನ್ನು ಬಿಟ್ಟಿದ್ದಾರೆ. ಇದನ್ನೆಲ್ಲ ಟೇಬಲ್ ಕೆಳಗಿನ ಸಣ್ಣ ಅಕ್ಷರದಲ್ಲಿ ಹೇಳಿದ್ದಾರೆ, ಅದನ್ನು ಓದದಿದ್ದರೆ ಉತ್ತರ ತಾಳೆಯಾಗೋದಿಲ್ಲ.

ನ್ಯೂಜೆರ್ಸಿಯಲ್ಲಿ ಒಂದು ಅಂಗಡಿಗೆ ಸರಾಸರಿ ಕೆಲಸಗಾರರು 20.44ರಿಂದ 21.03 ಆದರು. ಪೆನ್ಸಿಲ್ವೇನಿಯಾದಲ್ಲಿ 23.33ರಿಂದ 21.17ಕ್ಕೆ ಇಳಿದರು. ಏರಿಕೆ ಆದಮೇಲಿನ ಎರಡು ಅಂಕಿ ಮಾತ್ರ ನೋಡಿದರೆ ವ್ಯತ್ಯಾಸವೇ ಇಲ್ಲ, ಅಲ್ವಾ? ಪಕ್ಕದ ರಾಜ್ಯದ ಇಳಿಕೆಯನ್ನೂ ಲೆಕ್ಕಕ್ಕೆ ತಂದಾಗಲೇ, ಇಲ್ಲಿ 0.59 ಏರಿಕೆ, ಅಲ್ಲಿ 2.16 ಇಳಿಕೆ, ಎರಡೂ ಸೇರಿ 2.75 ಬರುತ್ತದೆ. ಕೂಲಿ ಏರಿದರೆ ಕೆಲಸ ಹೋಗುತ್ತೆ ಅನ್ನೋ ಮಾತಿಗೆ ಇಲ್ಲಿ ಆಧಾರ ಸಿಗಲಿಲ್ಲ.

ಆಮೇಲೆ ಇದೇ ವ್ಯತ್ಯಾಸವನ್ನು ಸಮೀಕರಣದ ಮೂಲಕ ಅಂದಾಜು ಮಾಡುವ ರಿಗ್ರೆಷನ್ ಓಡಿಸಿದೆ. ಗುಣಾಂಕ, ಅಂದರೆ ಆ ವ್ಯತ್ಯಾಸದ ಅಂದಾಜು, 2.75, ಸರಿ. ಆದರೆ ಆ ಅಂದಾಜು ಎಷ್ಟು ಆಚೀಚೆ ಆಗಬಹುದು ಅಂತ ಹೇಳುವ ಸ್ಟ್ಯಾಂಡರ್ಡ್ ಎರರ್ ಅವರದು 1.36, ನನ್ನದು 1.7ರ ಹತ್ತಿರ. ಅವರ ಲೆಕ್ಕದಲ್ಲಿ ಗುಣಾಂಕ ಎರರ್‌ನ ಎರಡು ಪಟ್ಟು, ನನ್ನದರಲ್ಲಿ ಒಂದೂವರೆ ಪಟ್ಟು ಚಿಲ್ಲರೆ, ಸುಮಾರು ಎರಡು ಪಟ್ಟು ಇದ್ದರೆ ಫಲಿತಾಂಶ ಬರೀ ಆಕಸ್ಮಿಕ ಅಲ್ಲ ಅನ್ನೋದು ವಾಡಿಕೆ, ಅಂದರೆ ಅದೇ ಡೇಟಾದಿಂದ ತೀರ್ಮಾನವೇ ಬೇರೆ ಆಗುತ್ತಿತ್ತು. ನಾಲ್ಕು ದಿನ ಒದ್ದಾಡಿದೆ. ಕೊನೆಗೆ ಹೊಳೆಯಿತು, ನಾನು ಪ್ರತಿ ಸಾಲನ್ನೂ ಬೇರೆ ಬೇರೆ ಅಂಗಡಿ ಅಂದುಕೊಂಡಿದ್ದೆ, ಆದರೆ ಅದೇ ಅಂಗಡಿ ಎರಡು ಸಲ ಬಂದಿದೆ. ದೊಡ್ಡ ಅಂಗಡಿ ಎರಡು ಸಲವೂ ದೊಡ್ಡದೇ. ಪ್ರತಿ ಅಂಗಡಿಯ ಎರಡನೇ ಅಂಕಿಯಿಂದ ಮೊದಲನೆಯದನ್ನು ಕಳೆದು, ಆ ಬದಲಾವಣೆಯನ್ನೇ ಇಟ್ಟುಕೊಂಡು ಮತ್ತೆ ಓಡಿಸಿದೆ, ಸ್ಟ್ಯಾಂಡರ್ಡ್ ಎರರ್ ಅವರ ಅಂಕಿಯ ಹತ್ತಿರ ಬಂದು ನಿಂತಿತು. ತರಗತಿಯಲ್ಲಿ ಬರೆದುಕೊಂಡಿದ್ದ "ಎರರ್‌ಗಳ ನಡುವೆ ಸಂಬಂಧ ಇರಬಾರದು" (ಇಲ್ಲಿ ಎರರ್ ಅಂದರೆ ಸಮೀಕರಣಕ್ಕೆ ಸಿಗದೆ ಉಳಿದ ಭಾಗ) ಅನ್ನೋ ಸಾಲು ಏನು ಹೇಳುತ್ತಿತ್ತು ಅಂತ ಆವತ್ತು ಗೊತ್ತಾಯಿತು, ಆ ಖುಷಿ ಇನ್ನೂ ನೆನಪಿದೆ.

ಆರನೇ ಸೆಮಿಸ್ಟರ್ ಪ್ರಾಜೆಕ್ಟ್‌ಗೆ ನಮ್ಮ ಶಕ್ತಿ ಯೋಜನೆ ತೆಗೆದುಕೊಂಡೆ. 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ ಬಿಟ್ಟಿ ಆದಮೇಲೆ ಕೆಲಸಕ್ಕೆ ಹೋಗುವವರು ಜಾಸ್ತಿ ಆದರಾ? ಹೋಲಿಕೆಗೆ ಯಾವ ರಾಜ್ಯ? ತಮಿಳುನಾಡು ಆಗಲ್ಲ, ಅಲ್ಲಿ 2021ರಿಂದಲೇ ಟೌನ್ ಬಸ್ ಬಿಟ್ಟಿ. ತೆಲಂಗಾಣದಲ್ಲಿ ಡಿಸೆಂಬರ್ 2023ರಲ್ಲಿ ಶುರುವಾಯಿತು. ಇನ್ನೂ ದೊಡ್ಡ ತೊಡಕು ಅಂದರೆ, ಆಗಸ್ಟ್ 30ಕ್ಕೆ ಗೃಹಲಕ್ಷ್ಮಿಯ ತಿಂಗಳಿಗೆ 2000 ರೂಪಾಯಿಯೂ ಬಂತು, ಆಮೇಲಿನ ಬದಲಾವಣೆ ಬಸ್ಸಿನದೋ ದುಡ್ಡಿನದೋ ಹೇಳೋದು ಹೇಗೆ?

ಹಾಗಾಗಿ ಆ ಎರಡೂವರೆ ತಿಂಗಳನ್ನೇ ಹಿಡಿದೆ. ಆಗ ಆಂಧ್ರ, ತೆಲಂಗಾಣ ಎರಡರಲ್ಲೂ ಹೆಂಗಸರು ಟಿಕೆಟ್ ಕೊಂಡೇ ಓಡಾಡುತ್ತಿದ್ದರು. ಯಾರು ಕೆಲಸದಲ್ಲಿದ್ದಾರೆ ಅಂತ ಕೇಳುವ ಕೇಂದ್ರದ ಪಿಎಲ್‌ಎಫ್‌ಎಸ್ ಸಮೀಕ್ಷೆಯವರು ನಗರದ ಅದೇ ಮನೆಗೆ ನಾಲ್ಕು ಸಲ ಹೋಗುತ್ತಿದ್ದರು. ಆ ಫೈಲ್ ತೆರೆದಾಗ ನಾನು ಮೊದಲು ಹುಡುಕಿದ್ದು ಮನೆಯ ಗುರುತಿನ ಕಾಲಂ.