ಮೂಗಿಗೆ ಗೆರೆಯೇ ಇರಲಿಲ್ಲ

ಶಿರಸಿಯ ಮಳೆಗಾಲದಲ್ಲಿ ಎಣ್ಣೆ ಬಣ್ಣದ ಕೆಲಸ ಶುರು ಮಾಡಬಾರದು. ನಾನು ಜೂನ್‌ನಲ್ಲೇ ಶುರು ಮಾಡಿದೆ.

ಪೆನ್ಸಿಲ್‌ನಲ್ಲಿ ಮುಖ ಬರೆಯುವ ಅಭ್ಯಾಸ ಮೊದಲಿಂದ ಇತ್ತು. ಆಯಿಲ್ ಪೇಂಟ್ ಹೇಳಿಕೊಡುವವರು ಹತ್ತಿರ ಯಾರೂ ಸಿಗಲಿಲ್ಲ. ಹಾಗಾಗಿ ಡಚ್ ಕಲಾವಿದ ವರ್ಮೀರ್ ಸುಮಾರು 1665ರಲ್ಲಿ ಬರೆದ ಮುತ್ತಿನ ಓಲೆಯ ಹುಡುಗಿಯನ್ನೇ ಗುರು ಮಾಡಿಕೊಂಡೆ. ಮೂಲ ಚಿತ್ರ ದೊಡ್ಡದೇನಲ್ಲ. 44.5 ಸೆಂ.ಮೀ. ಎತ್ತರ, 39 ಅಗಲ. ಅದೇ ಅಳತೆಯ ಪ್ರಿಂಟ್ ತೆಗೆಸಿ, ಚೌಕ ಹಾಕಿ ಕ್ಯಾನ್ವಾಸಿಗೆ ಇಳಿಸಿದೆ.

ಮೊದಲ ಪದರಕ್ಕೆ ಬರ್ನ್ಟ್ ಅಂಬರ್ ಅನ್ನುವ ಕಡುಕಂದು ಒಂದೇ. ಅದು ಬೇಗ ಒಣಗುವ ಬಣ್ಣ, ಆದರೆ ನಾನು ಅಗಸೆ ಎಣ್ಣೆ ಜಾಸ್ತಿ ಸುರಿದಿದ್ದೆ. ನಾಲ್ಕು ದಿನವಾದರೂ ಬೆರಳಿಗೆ ಅಂಟುತ್ತಿತ್ತು. ಬಚ್ಚಲ ಒಲೆಯ ಹತ್ತಿರ ಬೆಚ್ಚಗಿರುತ್ತದಲ್ಲ ಅಂತ ಅಲ್ಲಿಟ್ಟೆ. ಬೆಳಿಗ್ಗೆ ನೋಡಿದರೆ ಹಣೆ ತುಂಬ ಮಸಿ. ಒರೆಸಲು ಹೋದರೆ ಅರ್ಧ ಮುಖವೂ ಬಟ್ಟೆಗೇ ಬಂತು! ಎಣ್ಣೆ ಬಣ್ಣ ನೀರಿನ ಹಾಗೆ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಎರಡನೇ ಸಲ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಹಚ್ಚಿದೆ. ಎಣ್ಣೆಯನ್ನು ಮೇಲಿನ ಪದರಗಳಿಗೆ ಉಳಿಸಿಕೊಂಡೆ.

ನಿಜವಾಗಿ ಕಾಡಿದ್ದು ಮೂಗು. ನನ್ನದು ಪೆನ್ಸಿಲ್ ಕೈ. ಮೂಗು ಅಂದರೆ ಗೆರೆ ಎಳೆದೇ ಎಳೆಯುತ್ತದೆ. ಮೂಲದಲ್ಲಿ ಮೂಗಿನ ದಿಂಡಿಗೂ ಆಚೆ ಕೆನ್ನೆಗೂ ಒಂದೇ ಬಣ್ಣ, ನಡುವೆ ಗೆರೆ ಇಲ್ಲ. ಈಚೆ ಬದಿಯ ನೆರಳು ನೋಡಿ ನಾವೇ ಮೂಗು ಊಹಿಸಿಕೊಳ್ಳಬೇಕು. ಮೂರು ಸಲ ಒರೆಸಿದೆ. ಕೊನೆಗೆ ಪ್ರಿಂಟು, ಕ್ಯಾನ್ವಾಸು ಎರಡನ್ನೂ ತಲೆಕೆಳಗೆ ಇಟ್ಟುಕೊಂಡೆ. ಆಗ ಮೂಗು ಅಂತ ಕಾಣಲಿಲ್ಲ, ಬರೀ ಬಣ್ಣದ ತುಂಡುಗಳು ಕಂಡವು. ಸರಾಗ ಬಂತು.

ಆಯಿ ಹತ್ತಿರ ಬಂದು ಬಗ್ಗಿ ನೋಡಿದಳು. “ಕೂಸಿಗೆ ಮೂಗೇ ಇಲ್ಯಲೋ ತಮಾ!” ಬಾಗಿಲವರೆಗೆ ಹೋಗಿ ತಿರುಗಿ ನೋಡಿ, “ಈಗ ಕಾಣ್ತು” ಅಂದಳು. ನನಗೆ ಅಷ್ಟು ಸಾಕಿತ್ತು.

ಮುತ್ತಿಗೆ ಒಂದು ವಾರ ಬೇಕು ಅಂದುಕೊಂಡಿದ್ದೆ. ಮೇಲೆ ಬಿಳಿಯ ದಪ್ಪ ಚುಕ್ಕೆ, ಕೆಳಗೆ ಕಾಲರಿನ ಮಸುಕು ಬಿಂಬ, ಅಷ್ಟೇ. ಕಿವಿಗೆ ಸಿಕ್ಕಿಸುವ ಕೊಂಡಿಯನ್ನೂ ವರ್ಮೀರ್ ಬರೆದಿಲ್ಲ. ಹತ್ತು ನಿಮಿಷದಲ್ಲಿ ಮುಗಿಯಿತು.

ನೀಲಿ ಮುಂಡಾಸು ಇನ್ನೂ ಬಾಕಿ. ಅವನು ಲ್ಯಾಪಿಸ್ ಕಲ್ಲು ಅರೆದ ನೀಲಿ ಬಳಸಿದ್ದ, ನನ್ನ ಹತ್ತಿರ ಟ್ಯೂಬಿನ ಅಲ್ಟ್ರಾಮರೀನ್ ಇದೆ. ಒಂದು ಕೋಟ್ ಹಚ್ಚಿ ಜಗಲಿಯಲ್ಲಿಟ್ಟಿದ್ದೇನೆ, ಬಚ್ಚಲಿಂದ ದೂರ.